ದಾಳಿಂಬೆ ಸಿಪ್ಪೆ, ಮ್ಯಾಡರ್ ಬೇರು, ನೀಲಿ: ಒಂದು ಹೊದಿಕೆಯ ಕೆಲಸದ ದಾಖಲೆ

ಹೊದಿಕೆ ಮುಗಿಯಿತು. ಜೋಡಿಸಿದಾಗ 120 × 144 ಸೆಂ.ಮೀ. ಇತ್ತು. ಹೊಲಿದು ಒಗೆದ ಮೇಲೆ 116 × 139ಕ್ಕೆ ಇಳಿದಿದೆ. ಎರಡು ಪದರ, ನಡುವೆ ಏನೂ ತುಂಬಿಲ್ಲ. ಮೇಲಿನ ಪದರದಲ್ಲಿ 12 ಸೆಂ.ಮೀ.ನ ಚೌಕಗಳು: ಹಳದಿ, ಕೆಂಪು, ನೀಲಿ, ಹಸಿರು, ಸ್ವಲ್ಪ ಬೂದು. ಕೆಳಗಿನದು ಒಂದೇ ತುಂಡು, ತೆಳು ಪೀಚ್ ಬಣ್ಣ. ಬಣ್ಣವೆಲ್ಲ ಮನೆಯಲ್ಲೇ ಹಾಕಿದ್ದು, ಹೊಲಿಗೆಯೆಲ್ಲ ಕೈಯದ್ದು.

ಬಣ್ಣದ ಪಾತ್ರೆ ಮುಂದೆ ನಿಂತು ಕೋಲು ಆಡಿಸುವುದೇ ಈ ಕೆಲಸದ ಮುಖ್ಯ ಭಾಗ ಅಂತ ಶುರುವಿನಲ್ಲಿ ಅನ್ನಿಸುತ್ತದೆ. ಹಾಗೇನಿಲ್ಲ. ಕೆಟ್ಟ ತುಂಡುಗಳನ್ನೆಲ್ಲ ಗುಡ್ಡೆ ಹಾಕಿ ನೋಡಿದರೆ, ಹೆಚ್ಚಿನವು ಬಣ್ಣಕ್ಕೆ ಇಳಿಯುವ ಮೊದಲೇ ಕೆಟ್ಟಿದ್ದವು. ಅದಕ್ಕೇ ಕೆಳಗೆ ತೊಳೆಯುವ ವಿಷಯ ಉದ್ದವಾಗಿದೆ. ಬೇಜಾರಾದರೂ ಅದನ್ನು ಹಾರಿಸಬೇಡಿ.

0. ಸಾಮಾನು

20 ಲೀಟರಿನ ಸ್ಟೀಲ್ ಪಾತ್ರೆ ಒಂದು, 8 ಲೀಟರಿನದ್ದು ಒಂದು. ನೀಲಿಗೆ ಎತ್ತರದ, ಮುಚ್ಚಳವಿರುವ ಸ್ಟೀಲ್ ಡಬ್ಬ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಪಾತ್ರೆ ಬೇಡ, ಅವು ಬಣ್ಣವನ್ನು ತಮ್ಮ ಕಡೆ ಎಳೆದುಕೊಳ್ಳುತ್ತವೆ. ಈ ಪಾತ್ರೆಗಳು ಮತ್ತೆ ಅಡುಗೆಗೆ ಹೋಗಬಾರದು. ಥರ್ಮಾಮೀಟರ್, 1 ಗ್ರಾಂವರೆಗೆ ತೋರಿಸುವ ತಕ್ಕಡಿ, ಪಿಎಚ್ ಪಟ್ಟಿ, ರಬ್ಬರ್ ಕೈಗವಸು, ಪುಡಿ ಸುರಿಯುವಾಗ ಮಾಸ್ಕ್. ಸುಣ್ಣದ ಪುಡಿ ಕಣ್ಣಿಗೆ ಹೋದರೆ ತಮಾಷೆಯಲ್ಲ, ಕನ್ನಡಕವೂ ಇರಲಿ. ಕೋಲುಗಳು ಮೂರು, ಒಂದೊಂದಕ್ಕೆ ಒಂದೊಂದು ಗುರುತು. ಮೂರು ಯಾಕೆ ಅಂತ 5ನೇ ಹಂತದಲ್ಲಿ ಗೊತ್ತಾಗುತ್ತದೆ.

ಬಣ್ಣಕ್ಕೆ: ಒಣಗಿಸಿದ ದಾಳಿಂಬೆ ಸಿಪ್ಪೆ, ಮ್ಯಾಡರ್ ಬೇರಿನ ಪುಡಿ, ನೀಲಿ (ಇಂಡಿಗೊ) ಪುಡಿ. ಮ್ಯಾಡರ್ ಅಂದರೆ ರೂಬಿಯಾ ಟಿಂಕ್ಟೋರಮ್, ಮಂಜಿಷ್ಠ ಅದರ ದಾಯಾದಿ ಗಿಡ. ಬಣ್ಣ ಹಿಡಿಸುವುದಕ್ಕೆ: ಅಳಲೆಕಾಯಿ ಪುಡಿ, ಪಟಿಕ, ವಾಷಿಂಗ್ ಸೋಡಾ, ಸೀಮೆಸುಣ್ಣದ ಪುಡಿ, ಚಿಟಿಕೆ ಅನ್ನಭೇದಿ (ಕಬ್ಬಿಣದ ಉಪ್ಪು). ನೀಲಿಯ ತೊಟ್ಟಿಗೆ (ಡಬ್ಬದಲ್ಲಿ ಕಲಸುವ ನೀಲಿ ನೀರಿಗೆ) ಸುಣ್ಣದ ಪುಡಿ ಮತ್ತು ಫ್ರಕ್ಟೋಸ್ (ಹಣ್ಣಿನ ಸಕ್ಕರೆ). ಇವುಗಳಲ್ಲಿ ದುಬಾರಿ ಅಂದರೆ ನೀಲಿ ಮತ್ತು ಮ್ಯಾಡರ್. ಸಿಪ್ಪೆ ಹೇಗೂ ಕಸದ ಬುಟ್ಟಿಗೆ ಹೋಗುವಂಥದ್ದು. ಕೂಡಿಡುತ್ತಾ ಬಂದರೆ ಸಾಕು, ಆದರೆ ಗರಿಗರಿಯಾಗಿ ಒಣಗಿರಬೇಕು. ಅರೆಬರೆ ಒಣಗಿದ ಒಂದು ಡಬ್ಬ ಸಿಪ್ಪೆ ಬೂಷ್ಟು ಹಿಡಿದು ದಂಡವಾಯಿತು.

1. ತೂಕ ಮತ್ತು ಗುರುತು

ಬಟ್ಟೆ 800 ಗ್ರಾಂ, ಮಧ್ಯಮ ದಪ್ಪದ ಬಿಳಿ ಹತ್ತಿ. ಹೊಲಿಗೆಯ ನೂಲು 60 ಗ್ರಾಂ ಬೇರೆ. ಹಂಚಿದ್ದು ಹೀಗೆ: ಹಳದಿಗೆ 150, ಕೆಂಪಿಗೆ 150, ನೀಲಿಗೆ 100, ಹಸಿರಿಗೆ 100, ಹಿಂಬದಿಗೆ 300 ಗ್ರಾಂ. ಕೆಳಗೆ ಎಲ್ಲಿ ಶೇಕಡಾ ಬಂದರೂ ಅದು ಒಣ ಬಟ್ಟೆಯ ತೂಕದ ಮೇಲಿನ ಲೆಕ್ಕ. ನೀರಿನ ಮೇಲಿನದ್ದಲ್ಲ. ನೀರು ಬಟ್ಟೆಯ ತೂಕದ 30 ಪಟ್ಟು ಇದ್ದರೆ ಆರಾಮಾಗಿ ಓಡಾಡುತ್ತದೆ, ಅಂದರೆ 150 ಗ್ರಾಂಗೆ ನಾಲ್ಕೂವರೆ ಲೀಟರ್.

ಚೌಕಗಳನ್ನು ಮೊದಲೇ ಕತ್ತರಿಸಿ ಬಣ್ಣಕ್ಕೆ ಹಾಕಬಾರದು. ಅಂಚಿನ ಎಳೆ ಬಿಚ್ಚಿಕೊಂಡು ಪಾತ್ರೆಯಲ್ಲಿ ಗಂಟುಗಂಟಾಗುತ್ತದೆ, ಅಳತೆಯೂ ಕುಗ್ಗುತ್ತದೆ. ದೊಡ್ಡ ತುಂಡುಗಳಾಗಿ ಹರಿದು ಅಂಚಿಗೆ ಜಿಗ್‌ಜಾಗ್ ಹೊಲಿಗೆ ಹಾಕಿಕೊಂಡೆ.

ಯಾವ ತುಂಡು ಯಾವುದಕ್ಕೆ ಅಂತ ಪೆನ್ನಿನಲ್ಲಿ ಬರೆದರೆ ಮೊದಲ ಕುದಿಯಲ್ಲೇ ಅಳಿಸಿಹೋಗುತ್ತದೆ. ಮೂಲೆಯಲ್ಲಿ ಬಿಳಿ ಪಾಲಿಯೆಸ್ಟರ್ ದಾರದಿಂದ ಹೊಲಿಗೆ ಗುರುತು ಹಾಕಿ: ಒಂದು ಗೆರೆ, ಎರಡು ಗೆರೆ, ಹೀಗೆ. ಪಾಲಿಯೆಸ್ಟರ್ ಈ ಬಣ್ಣಗಳನ್ನು ಹೆಚ್ಚುಕಡಿಮೆ ಹಿಡಿಯುವುದೇ ಇಲ್ಲ. ಕೊನೆಯವರೆಗೂ ಬೆಳ್ಳಗೆ ಕಾಣುತ್ತಿರುತ್ತದೆ. ಹಳೆಯ ಹತ್ತಿ ಅಂಗಿಗೆ ಬಣ್ಣ ಹಾಕಿದಾಗ ಹೊಲಿಗೆ ಮಾತ್ರ ಬಿಳಿಯಾಗಿ ಉಳಿಯುವುದೂ ಇದಕ್ಕೇ.

ಪ್ರತಿ ಗುಂಪಿನ ಜೊತೆ 5 × 15 ಸೆಂ.ಮೀ.ನ ಕೆಲವು ಮಾದರಿ ಪಟ್ಟಿಗಳನ್ನೂ ಸೇರಿಸಿ. ಪರೀಕ್ಷೆ ಏನಿದ್ದರೂ ಪಟ್ಟಿಯ ಮೇಲೆ ಮೊದಲು.

2. ತೊಳೆಯುವುದು

ಬಟ್ಟೆಯ ಚೀಟಿಯ ಮೇಲೆ ‘ಬಣ್ಣಕ್ಕೆ ಸಿದ್ಧ’ ಅಂತ ಇತ್ತು. ನಂಬಿ, ಬಿಸಿನೀರು ಮತ್ತು ಸಾಬೂನಿನಲ್ಲಿ ಒಂದು ಸಲ ಜಾಲಿಸಿ, ಎರಡು ಪಟ್ಟಿಗಳನ್ನು ಮುಂದಿನ ಹಂತಗಳಿಗೆ ಕಳಿಸಿದೆ. ದಾಳಿಂಬೆಯಿಂದ ಹೊರಬಂದಾಗ ಒಂದೊಂದು ಕಡೆ ಗಾಢ, ಒಂದೊಂದು ಕಡೆ ಬಿಳಿಚು. ಮಡಿಕೆಯ ದೋಷ ಅಂದುಕೊಂಡೆ, ಆಡಿಸಿದ್ದು ಸಾಲಲಿಲ್ಲ ಅಂದುಕೊಂಡೆ. ಆಮೇಲೆ ಮಿಕ್ಕ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿದೆ. ಹನಿ ಗುಂಡಗೆ ಕೂತಿತ್ತು, ಒಳಗೆ ಇಳಿಯಲೇ ಇಲ್ಲ. ಹತ್ತಿಯ ಮೇಣ, ನೇಯುವಾಗ ಹಾಕಿದ ಗಂಜಿ, ಎಲ್ಲ ಹಾಗೇ ಇತ್ತು.

ಸರಿಯಾದ ತೊಳೆತ: 400 ಗ್ರಾಂ ಬಟ್ಟೆಗೆ 12 ಲೀಟರ್ ನೀರು, ವಾಷಿಂಗ್ ಸೋಡಾ 8 ಗ್ರಾಂ (ಶೇ. 2), ಕ್ಷಾರವಿಲ್ಲದ ದ್ರವ ಸಾಬೂನು ಒಂದು ಚಮಚ. ಕುದಿಗೆ ಹತ್ತಿರ ತಂದು ಒಂದೂವರೆ ಗಂಟೆ. ನಡುನಡುವೆ ಮೇಲೆ ಕೆಳಗೆ ಮಾಡಬೇಕು. ಸೋಡಾ ಪುಡಿಯಾಗಿದ್ದರೆ ಈ ಲೆಕ್ಕ ಸರಿ. ಹರಳಿನಂತಿದ್ದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ, ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚೇ ಹಾಕಬೇಕು.

ಮೊದಲ ಪಾತ್ರೆಯ ನೀರು ನೋಡಿ ನಗು ಬಂತು. ಹಾಲಿನಂಥ ಬಿಳಿ ಬಟ್ಟೆಯಿಂದ ಕಂದು ಹಳದಿ ನೀರು! ಚೆಲ್ಲಿ, ಜಾಲಿಸಿ, ಇನ್ನೊಂದು ಸಲ ಅದೇ ಲೆಕ್ಕದಲ್ಲಿ ಕುದಿಸಿದೆ. ಎರಡನೇ ನೀರು ತಿಳಿಯಾಗಿತ್ತು. ಒಣಗಿದ ಮೇಲೆ ಹನಿ ಪರೀಕ್ಷೆ: ಬಿದ್ದ ಕ್ಷಣದಲ್ಲೇ ನೀರು ಒಳಗೆ ಇಳಿದು ಹರಡಬೇಕು. ಹಾಗಾಗದಿದ್ದರೆ ಮತ್ತೆ ಪಾತ್ರೆಗೆ. ಇಲ್ಲಿ ಉಳಿಸಿದ ಒಂದು ಗಂಟೆ ಮುಂದೆ ಒಂದು ವಾರ ತಿನ್ನುತ್ತದೆ.

3. ಅಳಲೆಕಾಯಿ, ಆಮೇಲೆ ಪಟಿಕ

ಉಣ್ಣೆ, ರೇಷ್ಮೆ ಪಟಿಕವನ್ನು ನೇರವಾಗಿ ಹಿಡಿಯುತ್ತವೆ. ಹತ್ತಿ ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಮೊದಲು ಒಗರು ಕೊಡಬೇಕು, ಆ ಒಗರನ್ನು ಪಟಿಕ ಹಿಡಿದುಕೊಳ್ಳುತ್ತದೆ, ಪಟಿಕವನ್ನು ಬಣ್ಣ ಹಿಡಿದುಕೊಳ್ಳುತ್ತದೆ. ನೀಲಿಗೆ ಇದ್ಯಾವುದೂ ಬೇಡ. ಆದ್ದರಿಂದ ಈ ಹಂತಕ್ಕೆ ಬಂದಿದ್ದು ಹಳದಿ, ಕೆಂಪು ಮತ್ತು ಹಿಂಬದಿಯ ಬಟ್ಟೆ, ಒಟ್ಟು 600 ಗ್ರಾಂ. ನೂಲಿಗೂ ಇದೇ ಲೆಕ್ಕ.

ಅಳಲೆಕಾಯಿ: ಶೇ. 20, ಅಂದರೆ 300 ಗ್ರಾಂನ ಒಂದು ಪಾತ್ರೆಗೆ 60 ಗ್ರಾಂ ಪುಡಿ. ಬಿಸಿನೀರಿನಲ್ಲಿ ಕಲಸಿ, ತೆಳು ಬಟ್ಟೆಯಲ್ಲಿ ಸೋಸಿ, ಸುಮಾರು 50 ಡಿಗ್ರಿ ನೀರಿಗೆ ಸೇರಿಸಿ, ಒದ್ದೆ ಬಟ್ಟೆ ಇಳಿಸಿ, ರಾತ್ರಿಯಿಡೀ ಬಿಟ್ಟೆ. ಒಣ ಬಟ್ಟೆ ಇಳಿಸಬಾರದು, ಎಲ್ಲ ಹಂತಕ್ಕೂ ಇದೇ ಮಾತು. ಬೆಳಿಗ್ಗೆ ಬಟ್ಟೆ ಮಬ್ಬು ಬೆಣ್ಣೆ ಬಣ್ಣಕ್ಕೆ ತಿರುಗಿರುತ್ತದೆ. ಗಟ್ಟಿಯಾಗಿ ಜಾಲಿಸದೆ ಹಿಂಡಿ ಮುಂದಕ್ಕೆ. ಈ ಬೆಣ್ಣೆ ಬಣ್ಣ ಕೊನೆಯವರೆಗೂ ಕೆಳಗೆ ಇರುತ್ತದೆ. ಕೆಂಪನ್ನು ಸ್ವಲ್ಪ ಕಿತ್ತಳೆ ಕಡೆಗೆ ತಳ್ಳುತ್ತದೆ. ಶುದ್ಧ ಗುಲಾಬಿ ಬೇಕಿದ್ದವರು ಅಳಲೆಕಾಯಿ ಬಿಟ್ಟು ಮಾಚಿಕಾಯಿ ಹಿಡಿಯಬೇಕು.

ಪಟಿಕ: ಶೇ. 15, ಅಂದರೆ 300 ಗ್ರಾಂ ಬಟ್ಟೆಗೆ 45 ಗ್ರಾಂ. ಜೊತೆಗೆ ವಾಷಿಂಗ್ ಸೋಡಾ 6 ಗ್ರಾಂ. ಪಟಿಕವನ್ನು ಒಂದು ಪಾತ್ರೆಯಲ್ಲಿ ಕುದಿನೀರಿನಲ್ಲಿ ಕರಗಿಸಿ, ಸೋಡಾವನ್ನು ಬೇರೆ ಲೋಟದಲ್ಲಿ ಕರಗಿಸಿ, ಎರಡನೆಯದನ್ನು ಮೊದಲನೆಯದಕ್ಕೆ ಚಮಚ ಚಮಚವಾಗಿ ಬಿಡಬೇಕು. ಬುಸ್ಸೆಂದು ನೊರೆ ಏಳುತ್ತದೆ. ಮೊದಲ ಸಲ ಕಂಠಮಟ್ಟ ತುಂಬಿದ ಪಾತ್ರೆಗೆ ಒಂದೇ ಸಲ ಸುರಿದಿದ್ದರಿಂದ ಪಟಿಕದ ನೀರಿನಲ್ಲಿ ಅರ್ಧ ನೆಲದ ಪಾಲಾಯಿತು. ಎಷ್ಟು ಚೆಲ್ಲಿತು, ಎಷ್ಟು ಉಳಿಯಿತು ಅಂತ ಲೆಕ್ಕ ಸಿಗದೆ ಹೊಸದಾಗಿ ಮಾಡಬೇಕಾಯಿತು. ಇನ್ನೊಂದು ಕಡೆ ಸೋಡಾ ಜಾಸ್ತಿ ಆದರೆ ನೀರು ಬಿಳಿ ಮಬ್ಬಾಗುತ್ತದೆ. ಆ ಬಿಳುಪು ಬಟ್ಟೆಯೊಳಗೆ ಹೋಗದೆ ನೀರಿನಲ್ಲೇ ಕೂತ, ಪಟಿಕದ ಅಲ್ಯೂಮಿನಿಯಂ. ಅದು ದಂಡ.

ನೊರೆ ಅಡಗಿದ ಮೇಲೆ ಸುಮಾರು 50ರಿಂದ 60 ಡಿಗ್ರಿ ನೀರಿಗೆ ಸೇರಿಸಿ, ಬಟ್ಟೆ ಇಳಿಸಿ, ಎರಡು ಗಂಟೆ ಆಡಿಸುತ್ತಾ ಇದ್ದು, ರಾತ್ರಿ ಹಾಗೇ ಬಿಟ್ಟೆ. ಬಳಸಿದ ನೀರು ಚೆಲ್ಲಬೇಡಿ. ಪಟಿಕ ಅರ್ಧದಷ್ಟು ಸೇರಿಸಿ ಇನ್ನೊಂದು ಗುಂಪಿಗೆ ಬಳಸಬಹುದು. ಹಸಿರಿನ ಬಟ್ಟೆಗೆ ಹಾಗೇ ಮಾಡಿದೆ.

4. ಹಳದಿ

ಇದು ಎಲ್ಲಕ್ಕಿಂತ ಸಲೀಸು. 150 ಗ್ರಾಂ ಬಟ್ಟೆಗೆ 75 ಗ್ರಾಂ ಒಣ ಸಿಪ್ಪೆ. ಚೂರು ಮಾಡಿ ರಾತ್ರಿ ನೆನೆಸಿ, ಬೆಳಿಗ್ಗೆ ಒಂದು ಗಂಟೆ ಸಣ್ಣ ಕುದಿಯಲ್ಲಿ ಇಟ್ಟು, ಸೋಸಿ, ಬಟ್ಟೆ ಇಳಿಸಿ ಇನ್ನೊಂದು ಗಂಟೆ. ತಣ್ಣಗಾಗುವವರೆಗೆ ಅಲ್ಲೇ ಬಿಟ್ಟೆ. ಒದ್ದೆಯಲ್ಲಿ ಸಾಸಿವೆ ಹಳದಿ, ಒಣಗಿದಾಗ ಎರಡು ಮೆಟ್ಟಿಲು ತಿಳಿ. ಒದ್ದೆ ಬಟ್ಟೆ ನೋಡಿ ಸಾಕು ಅಂತ ತೀರ್ಮಾನ ಮಾಡಬಾರದು. ಪಟ್ಟಿಯೊಂದನ್ನು ಇಸ್ತ್ರಿಯಲ್ಲಿ ಒಣಗಿಸಿ ನೋಡಿ, ಆಮೇಲೆ ಹೊರತೆಗೆಯಿರಿ.

5. ಬೂದು

ಹಳದಿಯಲ್ಲಿ 40 ಗ್ರಾಂನಷ್ಟನ್ನು ಅನ್ನಭೇದಿಗೆ ಅದ್ದಿದೆ. ಶೇ. 2 ಅಂದರೆ 0.8 ಗ್ರಾಂ. ಮನೆಯ ತಕ್ಕಡಿ ಇಷ್ಟು ಚಿಕ್ಕದನ್ನು ತೂಗುವುದಿಲ್ಲ. 10 ಗ್ರಾಂ ಅನ್ನಭೇದಿಯನ್ನು 1 ಲೀಟರ್ ನೀರಿನಲ್ಲಿ ಕರಗಿಸಿ, ಅದರಿಂದ 80 ಮಿ.ಲೀ. ಅಳೆದುಕೊಂಡರೆ ಲೆಕ್ಕ ಸರಿಹೋಗುತ್ತದೆ. ಐದು ನಿಮಿಷ ಸಾಕು. ಹಳದಿ ಕಣ್ಣೆದುರೇ ಪಾಚಿ ಬೂದಿಗೆ ತಿರುಗುತ್ತದೆ. ಜಾಸ್ತಿ ಕಬ್ಬಿಣ ಹತ್ತಿಯ ಎಳೆಯನ್ನು ದುರ್ಬಲ ಮಾಡುತ್ತದೆ, ಆಸೆ ಬೇಡ.

ಈಗ ಕೋಲಿನ ಕತೆ. ಅನ್ನಭೇದಿ ಪಾತ್ರೆಯಲ್ಲಿ ಆಡಿಸಿದ ಕೋಲನ್ನು ನಲ್ಲಿಯಡಿ ತೊಳೆದು, ಪಕ್ಕದಲ್ಲಿ ನೆನೆಯುತ್ತಿದ್ದ ಹಳದಿ ಬಟ್ಟೆಯನ್ನು ಎತ್ತಿದೆ, ಅಷ್ಟೇ. ಕೋಲು ತಗುಲಿದ ಕಡೆಯೆಲ್ಲ ಹೊಗೆ ಹಿಡಿದಂಥ ಕಲೆ. ಮರದ ಕೋಲು ಕಬ್ಬಿಣದ ನೀರು ಕುಡಿದಿರುತ್ತದೆ, ನಲ್ಲಿ ನೀರಿಗೆ ಹೋಗುವುದಿಲ್ಲ. ಆ ಕಲೆಗೆ ಪರಿಹಾರವೂ ಇಲ್ಲ. ತುಂಡು ಪೂರ್ತಿ ಬೂದಿನ ಪಾತ್ರೆಗೆ ಹೋಯಿತು. ಹೊದಿಕೆಯಲ್ಲಿ ಬೂದು ಚೌಕಗಳು ಅಂದುಕೊಂಡದ್ದಕ್ಕಿಂತ ಜಾಸ್ತಿ ಇರುವುದಕ್ಕೆ ಕಾರಣ ಇದೇ.

6. ಕೆಂಪು, ಮತ್ತು ಹಿಂಬದಿಯ ಪೀಚ್

ಮ್ಯಾಡರ್‌ಗೆ ಬಿಸಿ ಜಾಸ್ತಿ ಆಗಬಾರದು. 70 ಡಿಗ್ರಿ ದಾಟಿದರೆ ಬೇರಿನ ಕಂದು ಬಣ್ಣಗಳು ಹೊರಬರುತ್ತವೆ. ಓದಿದ್ದೆ, ಆದರೂ ಒಂದು ಪಟ್ಟಿಯನ್ನು ಬೇಕೆಂದೇ 90ಕ್ಕೆ ಏರಿಸಿ ನೋಡಿದೆ. ಇಟ್ಟಿಗೆ ಕಂದು ಬಂತು. ಕೆಟ್ಟದಾಗೇನೂ ಇಲ್ಲ, ಕೆಂಪು ಮಾತ್ರ ಅಲ್ಲ.

ಬಟ್ಟೆಯಷ್ಟೇ ತೂಕದ ಪುಡಿ, 150 ಗ್ರಾಂ. ರಾತ್ರಿ ನೆನೆಸಿ ಚೀಲದಲ್ಲಿ ಕಟ್ಟಿ, 5 ಲೀಟರ್ ನೀರಿಗೆ ಹಾಕಿದೆ. ಮ್ಯಾಡರ್ ಗಡಸು ನೀರನ್ನು ಇಷ್ಟಪಡುತ್ತದೆ. ನೀರು ಮೆದುವಾಗಿದ್ದರೆ ಸೀಮೆಸುಣ್ಣದ ಪುಡಿ 3 ಗ್ರಾಂ ಸೇರಿಸಿ. ಒಂದು ಗಂಟೆ ತಗೊಂಡು ನಿಧಾನವಾಗಿ 65 ಡಿಗ್ರಿಗೆ ತಂದು, ಅಲ್ಲೇ ಒಂದು ಗಂಟೆ ಹಿಡಿದು, ಒಲೆ ಆರಿಸಿ ಬೆಳಗಿನವರೆಗೆ ಬಿಟ್ಟೆ. ಸಣ್ಣ ಉರಿಯಲ್ಲೂ ಬಿಸಿ ಏರುತ್ತಲೇ ಇರುತ್ತದೆ. ಥರ್ಮಾಮೀಟರ್ ಬಿಟ್ಟು ಕದಲುವ ಹಾಗಿಲ್ಲ. ಮಣ್ಣು ಮತ್ತು ಹಸಿ ಬೇರಿನ ವಾಸನೆ ಮನೆಯೆಲ್ಲ ತುಂಬುತ್ತದೆ. ನನಗೆ ಅದು ಇಷ್ಟ, ಮನೆಯಲ್ಲಿ ಮಿಕ್ಕವರಿಗೆ ಅಷ್ಟಾಗಿ ಅಲ್ಲ.

ತೊಂದರೆ ಕೊಟ್ಟದ್ದು ಚೀಲ. ತುಂಬಾ ತೆಳು ಬಟ್ಟೆಯದು, ಮೂಲೆಯ ಹೊಲಿಗೆ ಬಿಚ್ಚಿತು. ಪುಡಿ ಬಟ್ಟೆಯ ಮಡಿಕೆಗಳಲ್ಲಿ ಕೂತು, ಕೂತ ಕಡೆಯೆಲ್ಲ ಗಾಢ ಚುಕ್ಕೆ. ಕೊಡವಿದರೆ ಪುಡಿ ಉದುರುತ್ತದೆ, ಚುಕ್ಕೆ ಉಳಿಯುತ್ತದೆ. ಒಟ್ಟು ಬಟ್ಟೆಯಲ್ಲಿ ಮೂರರಲ್ಲಿ ಒಂದು ಭಾಗ ಹೀಗಾಯಿತು. ಚೀಲ ಎರಡು ಪದರದ್ದಿರಲಿ, ಒಳಗೆ ಅರ್ಧಕ್ಕಿಂತ ಜಾಸ್ತಿ ತುಂಬಬೇಡಿ, ಪುಡಿ ನೆನೆದು ಉಬ್ಬುತ್ತದೆ.

ಮ್ಯಾಡರ್ ಒಂದೇ ಸಲಕ್ಕೆ ಖಾಲಿಯಾಗುವುದಿಲ್ಲ. ಅದೇ ಪುಡಿಯನ್ನು ಹೊಸ ಚೀಲದಲ್ಲಿ ಕಟ್ಟಿ, 9 ಲೀಟರ್ ಹೊಸ ನೀರು ಹಾಕಿ, ಹಿಂಬದಿಯ 300 ಗ್ರಾಂ ಬಟ್ಟೆಯನ್ನು ಅದೇ ಬಿಸಿಯಲ್ಲಿ ಹಿಡಿದೆ. ಪೀಚ್ ಬಂದದ್ದು ಹೀಗೆ. ಇಡೀ ಕೆಲಸದಲ್ಲಿ ಅತಿ ಸಮವಾಗಿ ಬಣ್ಣ ಹಿಡಿದ ಬಟ್ಟೆ ಇದು. ನೀರಿನಲ್ಲಿ ಬಣ್ಣ ಕಡಿಮೆ ಇದ್ದಷ್ಟೂ ನಿಧಾನ, ನಿಧಾನ ಆದಷ್ಟೂ ಸಮ.

ಈ ಕೆಂಪಿನ ಮುಖ್ಯ ಅಂಶ ಅಲಿಜರಿನ್. ಅದನ್ನು 1868ರಲ್ಲಿ ಜರ್ಮನಿಯ ಗ್ರೇಬ ಮತ್ತು ಲೀಬರ್‌ಮನ್ ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಮ್ಯಾಡರ್ ಹೊಲಗಳು ಬೇಗನೆ ಮಾಯವಾದವು. ಐದು ಲೀಟರ್ ನೀರಿನ ಮುಂದೆ ಎರಡು ಗಂಟೆ ಥರ್ಮಾಮೀಟರ್ ಹಿಡಿದು ನಿಂತ ಮೇಲೆ, ಯಾಕೆ ಮಾಯವಾದವು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

7. ನೀಲಿ

ತೊಟ್ಟಿ ಎಬ್ಬಿಸಿದ್ದು 1-2-3 ಲೆಕ್ಕದಲ್ಲಿ: ನೀಲಿ ಒಂದು ಪಾಲು, ಸುಣ್ಣ ಎರಡು, ಫ್ರಕ್ಟೋಸ್ ಮೂರು. ಫ್ರಾನ್ಸಿನ ಮಿಶೆಲ್ ಗಾರ್ಸಿಯಾ ಹೇಳಿಕೊಟ್ಟು ಮನೆಮನೆಗೆ ತಲುಪಿಸಿದ ವಿಧಾನ ಇದು. 10 ಲೀಟರಿಗೆ 40 ಗ್ರಾಂ ನೀಲಿ, 80 ಗ್ರಾಂ ಸುಣ್ಣ, 120 ಗ್ರಾಂ ಫ್ರಕ್ಟೋಸ್.

ನೀಲಿ ಪುಡಿ ನೀರಿನಲ್ಲಿ ಕರಗುವುದಿಲ್ಲ, ಮೇಲೇ ತೇಲುತ್ತದೆ. ಬಾಟಲಿಯಲ್ಲಿ ಪುಡಿ, ಸ್ವಲ್ಪ ಬಿಸಿನೀರು ಮತ್ತು ಒಂದು ಹಿಡಿ ಗೋಲಿ ಹಾಕಿ, ಬೆರಳಿಗೆ ತರಿ ಸಿಗದಷ್ಟು ನುಣುಪಾಗುವವರೆಗೆ ಕುಲುಕಿದೆ. ಡಬ್ಬದಲ್ಲಿ 60 ಡಿಗ್ರಿ ನೀರು, ಅದಕ್ಕೆ ಫ್ರಕ್ಟೋಸ್, ಆಮೇಲೆ ನೀಲಿ, ಕೊನೆಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಉದುರಿಸುತ್ತಾ. ಒಂದೇ ದಿಕ್ಕಿನಲ್ಲಿ ನಿಧಾನ ತಿರುಗಿಸಿ ಮುಚ್ಚಿಟ್ಟೆ.

ಒಂದು ಗಂಟೆ ಬಿಟ್ಟು ತೆಗೆದರೆ ನೀಲಿ ನೀರು. ಸಂಜೆಗೂ ನೀಲಿ ನೀರು. ಇದು ಹಸಿರು ಹಳದಿಗೆ ತಿರುಗಬೇಕಿತ್ತು. ನೀಲಿಯಾಗೇ ಇದ್ದರೆ ಬಣ್ಣ ಎಳೆಯೊಳಗೆ ಇಳಿಯುವುದಿಲ್ಲ, ಮೇಲೆ ಬಳಿದುಕೊಂಡು ಒಗೆದಾಗ ಹೋಗುತ್ತದೆ. ಫ್ರಕ್ಟೋಸ್ ಇನ್ನಷ್ಟು ಸುರಿಯೋಣ ಅನ್ನಿಸಿತು. ಸುರಿಯುವ ಮೊದಲು ಥರ್ಮಾಮೀಟರ್ ಇಟ್ಟು ನೋಡಿದರೆ 31 ಡಿಗ್ರಿ. ಎತ್ತರದ ತೆಳು ಡಬ್ಬ ಬಿಸಿಯನ್ನೆಲ್ಲ ಬಿಟ್ಟುಕೊಟ್ಟಿತ್ತು. 20 ಲೀಟರಿನ ಪಾತ್ರೆಯಲ್ಲಿ ಬಿಸಿನೀರಿಟ್ಟು ಅದರೊಳಗೆ ಡಬ್ಬ ನಿಲ್ಲಿಸಿ, 50ಕ್ಕೆ ತಂದು, ಹಳೆ ಕಂಬಳಿ ಸುತ್ತಿದೆ. ಪಿಎಚ್ ಪಟ್ಟಿ 11 ತೋರಿಸಿತು, ಆದ್ದರಿಂದ ಸುಣ್ಣಕ್ಕೆ ಕೈ ಹಾಕಲಿಲ್ಲ. 10ಕ್ಕಿಂತ ಕೆಳಗಿದ್ದರೆ ಚಿಟಿಕೆ ಸುಣ್ಣ ಬೇಕಾಗುತ್ತಿತ್ತು.

ಬೆಳಿಗ್ಗೆ ಮುಚ್ಚಳ ತೆಗೆದಾಗ ತೊಟ್ಟಿ ಎದ್ದಿತ್ತು. ಮೇಲೆ ತಾಮ್ರದ ಹೊಳಪಿನ ಪೊರೆ, ನಡುವೆ ಕಡುನೀಲಿ ನೊರೆಯ ಗುಚ್ಛ. ಚಮಚದಿಂದ ಪೊರೆ ಸರಿಸಿದರೆ ಕೆಳಗೆ ತಿಳಿ ಕಂದು ಹಳದಿ ನೀರು. ಪೆರುವಿನ ಹುವಾಕಾ ಪ್ರಿಯೆಟಾದಲ್ಲಿ ಸುಮಾರು 6,000 ವರ್ಷ ಹಳೆಯ ಹತ್ತಿ ಬಟ್ಟೆಯ ಚೂರುಗಳಲ್ಲಿ ನೀಲಿ ಸಿಕ್ಕಿದೆ. ಥರ್ಮಾಮೀಟರ್ ಇಲ್ಲ, ಪಿಎಚ್ ಪಟ್ಟಿ ಇಲ್ಲ. ಅವರಿಗೆ ಗೊತ್ತಿದ್ದ ಏನೋ ಒಂದು ನಮಗೆ ಗೊತ್ತಿಲ್ಲ ಬಿಡಿ.

ಅದ್ದುವುದು: ನೊರೆಯನ್ನು ಒಂದು ಬಟ್ಟಲಿಗೆ ಎತ್ತಿಡಿ. ಒದ್ದೆ ಬಟ್ಟೆಯ ಗಾಳಿಯೆಲ್ಲ ಹಿಂಡಿ, ಪಕ್ಕದಿಂದ ಮೆಲ್ಲಗೆ ಜಾರಿಸಿ. ಐದು ನಿಮಿಷ ನೀರಿನೊಳಗೇ ಮಡಿಕೆ ಬಿಡಿಸುತ್ತಾ ಇದ್ದು, ನೀರಿನೊಳಗೇ ಹಿಂಡಿ, ಸದ್ದಿಲ್ಲದೆ ಹೊರತೆಗೆಯಿರಿ. ಹನಿ ತೊಟ್ಟಿಗೆ ಬಿದ್ದಷ್ಟೂ ಗಾಳಿ ಒಳಗೆ ಹೋಗಿ ತೊಟ್ಟಿ ಸುಸ್ತಾಗುತ್ತದೆ.

ಹೊರಬಂದ ಬಟ್ಟೆ ಎಳೆ ಹುಲ್ಲಿನ ಹಸಿರು. ಮೊದಲು ಮೂಲೆಗಳು ನೀಲಿಗೆ ತಿರುಗುತ್ತವೆ, ಆಮೇಲೆ ಮಡಿಕೆಯ ಏಣು, ಅಲ್ಲಿಂದ ಒಳಕ್ಕೆ. ಎರಡು ಪದರ ಅಂಟಿಕೊಂಡ ಕಡೆ ಹಸಿರು ಹಾಗೇ ನಿಂತಿರುತ್ತದೆ. ಬಿಡಿಸಿದರೆ ಅದೂ ಕಣ್ಣೆದುರು ನೀಲಿಯಾಗುತ್ತದೆ. ಈ ಎರಡು ನಿಮಿಷ ನೋಡುವುದಕ್ಕಾಗಿಯೇ ಉಳಿದ ಕಷ್ಟ ಪಡಬಹುದು. ಕಾಲು ಗಂಟೆ ಗಾಳಿಗೆ ಬಿಟ್ಟು ಮತ್ತೆ ಅದ್ದಿದೆ. ಒಂದು ಸಲ ಜಾಸ್ತಿ ಹೊತ್ತು ಬಿಡುವುದಕ್ಕಿಂತ ಹಲವು ಸಲ ಸ್ವಲ್ಪ ಸ್ವಲ್ಪ ಹೊತ್ತು ಅದ್ದಿದ ಬಣ್ಣ ಒಗೆತಕ್ಕೆ ನಿಲ್ಲುತ್ತದೆ.

ಕೆಟ್ಟದ್ದು: ತೊಟ್ಟಿ ತಿರುಗಿಸಿದ ತಕ್ಷಣ ಅದ್ದಿದ ತುಂಡಿನ ಮೇಲೆ ಬಿಳಿ ಮಚ್ಚೆ. ತಳದ ಸುಣ್ಣದ ಗಸಿ ಎದ್ದು ಬಟ್ಟೆಗೆ ಕೂತಿತ್ತು. ತಿರುಗಿಸಿದ ಮೇಲೆ ಒಂದು ಗಂಟೆ ಕಾಯಬೇಕು. ಬಟ್ಟೆ ತಳ ಮುಟ್ಟದಂತೆ ತೂತಿನ ಸ್ಟೀಲ್ ತಟ್ಟೆಯೊಂದನ್ನು ತಂತಿಯಲ್ಲಿ ಇಳಿಬಿಟ್ಟ ಮೇಲೆ ಆ ಕಾಟ ನಿಂತಿತು.

ಪೂರ್ತಿ ಒಣಗಿದ ಮೇಲೆ, ಲೀಟರಿಗೆ ಒಂದು ದೊಡ್ಡ ಚಮಚ ವಿನೆಗರ್ ಹಾಕಿದ ನೀರಿನಲ್ಲಿ ಕಾಲು ಗಂಟೆ. ಸುಣ್ಣ ಬಿಟ್ಟು ಬಟ್ಟೆ ಮೆದುವಾಗುತ್ತದೆ. ಆಮೇಲೆ ಬಿಸಿನೀರು, ಸಾಬೂನು. ಕೊನೆಗೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ನೀಲಿ ಜಾಸ್ತಿ ಹತ್ತಿದರೆ ಇನ್ನೊಂದು ಒಗೆತ.

ಪುಡಿಯ ಬಗ್ಗೆ ಒಂದು ಮಾತು. ಜರ್ಮನಿಯ ಬಿಎಎಸ್‌ಎಫ್ ಕಂಪನಿ ಕಾರ್ಖಾನೆಯಲ್ಲಿ ಮಾಡಿದ ನೀಲಿಯನ್ನು ಮಾರುಕಟ್ಟೆಗೆ ತಂದದ್ದು 1897ರಲ್ಲಿ. ಅದರ ಅಣು ಮತ್ತು ಗಿಡದ ನೀಲಿಯ ಅಣು ಒಂದೇ. ಕಣ್ಣಿನಲ್ಲಿ ನೋಡಿ ಹೇಳಲಾಗದು. ಆದರೆ ಕಾರ್ಖಾನೆಯದು ಹೆಚ್ಚು ಶುದ್ಧ, ಗಿಡದ್ದರಲ್ಲಿ ಬೇರೆ ಪದಾರ್ಥವೂ ಇರುತ್ತದೆ. 40 ಗ್ರಾಂ ಅಂದರೆ ಎರಡರಲ್ಲೂ ಒಂದೇ ಕಡುಪು ಬರುವುದಿಲ್ಲ.

8. ಹಸಿರು

ಹಳದಿ ಬಟ್ಟೆಯನ್ನು ನೀಲಿಯಲ್ಲಿ ಅದ್ದಿದರೆ ಹಸಿರು, ಅಷ್ಟೇ ಅಲ್ವಾ? ಪಟ್ಟಿಯಲ್ಲಿ ಹಾಗೇ ಮಾಡಿದೆ. ತೊಟ್ಟಿಯ ಸುಣ್ಣ ಹಳದಿಯನ್ನು ಅಲ್ಲಲ್ಲಿ ಕಿತ್ತುಕೊಂಡು, ನೀಲಿ ಮೇಲೆ ತೇಪೆ ತೇಪೆ ಹಸಿರು ಉಳಿಯಿತು. ಜೊತೆಗೆ ತೊಟ್ಟಿಯೂ ಕೊಳೆ. ಕ್ರಮ ತಿರುಗಿಸಿದೆ: ಮೊದಲು ಒಂದೇ ಸಲ ಅದ್ದಿದ ತಿಳಿ ನೀಲಿ, ವಿನೆಗರ್, ಸಾಬೂನು. ಆಮೇಲೆ ಅಳಲೆಕಾಯಿ 20 ಗ್ರಾಂ, ಪಟಿಕ, ಕೊನೆಗೆ ದಾಳಿಂಬೆ. ಎಲೆ ಹಸಿರು, ಸಮವಾಗಿ. ನೀಲಿ ಕಡು ಇದ್ದರೆ ಹಳದಿ ಎಷ್ಟು ಹಾಕಿದರೂ ಹಸಿರು ಏಳುವುದಿಲ್ಲ.

9. ನೂಲು

ಲಡಿ ಮಾಡಿ ನಾಲ್ಕು ಕಡೆ 8ರ ಆಕಾರದಲ್ಲಿ ಸಡಿಲವಾಗಿ ಕಟ್ಟಬೇಕು. ಒಂದು ಲಡಿಯ ಕಟ್ಟು ಬಿಗಿಯಾಗಿ, ಕಟ್ಟಿನ ಕೆಳಗೆಲ್ಲ ಬಿಳಿ ಉಳಿಯಿತು. ಎಸೆಯದೆ ಹೊಲಿದೆ. ಸಾಲು ಸಾಗುತ್ತಾ ನಡುವೆ ನಾಲ್ಕು ಹೊಲಿಗೆ ಬೆಳ್ಳಗಾಗಿ ಮತ್ತೆ ನೀಲಿ ಬರುತ್ತದೆ. ಚೆನ್ನಾಗಿಯೇ ಕಾಣುತ್ತದೆ.

10. ಕತ್ತರಿಸಿ ಜೋಡಿಸಿದ್ದು

ಚೌಕ 13.5 ಸೆಂ.ಮೀ., ಸುತ್ತ 0.75 ಹೊಲಿಗೆಗೆ. ಬಣ್ಣದಲ್ಲಿ ಕುದಿದು ಬಂದ ಬಟ್ಟೆ ಓರೆಯಾಗಿರುತ್ತದೆ. ಎಳೆ ನೇರ ಮಾಡಿ ಇಸ್ತ್ರಿ ಹಾಕಿದ ಮೇಲೇ ಕತ್ತರಿ. ಅಂದಾಜಿಗಿಂತ ಕಾಲು ಭಾಗ ಜಾಸ್ತಿ ಬಟ್ಟೆಗೆ ಬಣ್ಣ ಹಾಕಿದ್ದು ಇಲ್ಲಿ ಕೈಹಿಡಿಯಿತು. ಮ್ಯಾಡರ್ ಚುಕ್ಕೆಯ ಭಾಗ ಪೂರ್ತಿ ಬಿಡುವುದಕ್ಕೆ ಆಗಲಿಲ್ಲ, ಚುಕ್ಕೆ ಕಡಿಮೆ ಇರುವವನ್ನು ಅಂಚಿಗೆ ಹಾಕಿದೆ. 10 ಅಡ್ಡ, 12 ಉದ್ದ. ನೆಲದ ಮೇಲೆ ಹರಡಿ ಅದಲುಬದಲು ಮಾಡುವುದು ಮುಗಿಯದ ಕೆಲಸ. ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪು ಬಿಳುಪು ಮಾಡಿ ನೋಡಿದರೆ ಕಡು ಚೌಕಗಳು ಎಲ್ಲಿ ಗುಂಪಾಗಿವೆ ಅಂತ ತಕ್ಷಣ ಕಾಣುತ್ತದೆ.

11. ಹೊಲಿಗೆ

ಹಿಂಬದಿಯ ಬಟ್ಟೆ 130 × 154, ಅಂದರೆ ಸುತ್ತಲೂ 5 ಸೆಂ.ಮೀ. ಜಾಸ್ತಿ. ಕೊನೆಗೆ ಇದೇ ಮೇಲಕ್ಕೆ ಮಡಚಿ ಅಂಚಾಗುತ್ತದೆ. ಎರಡು ಪದರವನ್ನು ನೆಲಕ್ಕೆ ಟೇಪಿನಲ್ಲಿ ಅಂಟಿಸಿ, ಅಂಗೈ ಅಗಲಕ್ಕೊಂದರಂತೆ ಕಚ್ಚಾ ಹೊಲಿಗೆ ಹಾಕಿದೆ.

ರನ್ನಿಂಗ್ ಸ್ಟಿಚ್, ಸಾಲುಗಳ ನಡುವೆ 2 ಸೆಂ.ಮೀ., ಒಂದು ಹೊಲಿಗೆ ಸುಮಾರು 4 ಮಿ.ಮೀ. ನಡುವಿನಿಂದ ಅಂಚಿನ ಕಡೆಗೆ. ಅಂಚಿನಿಂದ ಶುರು ಮಾಡಿದ ಮೊದಲ ಮೂರು ಸಾಲು ಬಿಚ್ಚಬೇಕಾಯಿತು, ನಡುವೆ ಬಟ್ಟೆ ಉಬ್ಬಿ ನಿಂತಿತು. ನೂಲು 50 ಸೆಂ.ಮೀ.ಗಿಂತ ಉದ್ದ ಬೇಡ, ಜೇನುಮೇಣಕ್ಕೆ ಒಂದು ಸಲ ಎಳೆದುಕೊಂಡರೆ ಗಂಟಾಗುವುದಿಲ್ಲ. ಸೂಜಿಗೆ ನಾಲ್ಕೈದು ಹೊಲಿಗೆ ಏರಿಸಿಕೊಂಡು ಒಂದೇ ಸಲ ಎಳೆಯಬೇಕು. ಎಳೆದಾಗ ಸರ್ರನೆ ಒಂದು ಸದ್ದು ಬರುತ್ತದೆ, ಬಟ್ಟೆ ಒಂಚೂರು ನೆರಿಗೆಯಾಗಿ ಮತ್ತೆ ಬಿಚ್ಚಿಕೊಳ್ಳುತ್ತದೆ. ಬಣ್ಣ ಬಣ್ಣಕ್ಕೆ ಸೂಜಿಯ ನಡೆ ಬೇರೆ. ಹಳದಿಯಲ್ಲಿ ಸಲೀಸು, ಹಲವು ಸಲ ಅದ್ದಿದ ನೀಲಿಯಲ್ಲಿ ಬಿಗಿ. ಕಣ್ಣು ಮುಚ್ಚಿದರೂ ನೀಲಿ ಚೌಕ ಬಂತು ಅಂತ ಬೆರಳಿಗೆ ಗೊತ್ತಾಗುತ್ತಿತ್ತು.

ಇಲ್ಲಿ ಅವಸರ ಇಲ್ಲ. ಬಣ್ಣದ ಹಂತದಲ್ಲಿ ಗಡಿಯಾರ, ತಕ್ಕಡಿ, ಥರ್ಮಾಮೀಟರ್ ಬೆನ್ನು ಹತ್ತಿದ್ದವು. ಸಂಜೆ ಸುಮ್ನೆ ಕೂತು ಒಂದೆರಡು ಸಾಲು, ಅಷ್ಟೇ.

12. ಒಗೆತ ಮತ್ತು ಬಿಸಿಲು

ಮೊದಲ ಒಗೆತದಲ್ಲಿ ಕೆಂಪು ನೂಲು ಹಾದುಹೋದ ಹಳದಿ ಚೌಕಗಳಲ್ಲಿ ತೆಳು ಗುಲಾಬಿ ಗೆರೆ ಕಂಡವು. ಚೌಕದ ಬಟ್ಟೆಯನ್ನೆಲ್ಲ ಬಿಸಿನೀರಿನಲ್ಲಿ ಬಣ್ಣ ಬಿಡುವುದು ನಿಲ್ಲುವವರೆಗೆ ಜಾಲಿಸಿದ್ದೆ, ನೂಲಿನ ಲಡಿಯನ್ನು ತಣ್ಣೀರಿನಲ್ಲಿ ಮುಳುಗಿಸಿ ತೆಗೆದದ್ದಷ್ಟೇ. ಒಣಗಲು ಬಿಡದೆ ಉಗುರುಬೆಚ್ಚಗಿನ ನೀರು ಮತ್ತು ಅದೇ ದ್ರವ ಸಾಬೂನಿನಲ್ಲಿ ಮತ್ತೆ ಆಡಿಸಿದ ಮೇಲೆ ಬಹುಪಾಲು ಹೋಯಿತು. ಹತ್ತಿರದಿಂದ ನೋಡಿದರೆ ಎರಡು ಚೌಕಗಳಲ್ಲಿ ಇನ್ನೂ ಇದೆ.

ಬಿಸಿಲಿಗೆ: ಪ್ರತಿ ಬಣ್ಣದ ಪಟ್ಟಿಯ ಅರ್ಧವನ್ನು ರಟ್ಟಿನಿಂದ ಮುಚ್ಚಿ ಕಿಟಕಿಗೆ ಅಂಟಿಸಿದ್ದೆ. ಹೋಲಿಸಲಿಕ್ಕೆ ಅಂತ ಅರಿಶಿನದ ಪಟ್ಟಿಯೂ ಒಂದು. ಅರಿಶಿನ ವಾರದೊಳಗೆ ಬಿಳಿಚಿಕೊಂಡಿತು. ಅಷ್ಟು ಚೆಂದದ ಹಳದಿ, ಆದರೆ ಬೆಳಕಿಗೆ ನಿಲ್ಲುವುದಿಲ್ಲ, ಕ್ಷಾರದ ಸಾಬೂನು ತಗುಲಿದರೆ ಕೆಂಪಾಗುತ್ತದೆ. ಒಂದು ತಿಂಗಳ ಮೇಲೆ ರಟ್ಟು ತೆಗೆದಾಗ ನೀಲಿ ಮತ್ತು ಮ್ಯಾಡರ್‌ನಲ್ಲಿ ಎರಡು ಭಾಗಕ್ಕೆ ವ್ಯತ್ಯಾಸ ಕಾಣಲಿಲ್ಲ. ದಾಳಿಂಬೆ ಹಳದಿ ಒಂದಿಷ್ಟು ಮಂಕಾಗಿತ್ತು. ಬೂದು ಹಾಗೇ ಇತ್ತು. ಪೀಚ್ ಪಟ್ಟಿಯಲ್ಲಿ ಗೆರೆ ತೆಳುವಾಗಿ ಕಾಣುತ್ತಿದೆ. ಹೊದಿಕೆಯನ್ನು ನೆರಳಿನಲ್ಲಿ, ಒಳಮೈ ಹೊರಗೆ ಮಾಡಿ ಒಣಗಿಸುವುದು ಅಂತ ನಿರ್ಧಾರ.

ತೊಟ್ಟಿಯಲ್ಲಿ ಇನ್ನೂ ನೀಲಿ ಉಳಿದಿದೆ. ಒಂದು ಚಮಚ ಫ್ರಕ್ಟೋಸ್ ಹಾಕಿ ಬೆಚ್ಚಗೆ ಮಾಡಿದರೆ ಮತ್ತೆ ಏಳುತ್ತದೆ. ಮ್ಯಾಡರ್ ಪುಡಿಯನ್ನೂ ಒಣಗಿಸಿ ಎತ್ತಿಟ್ಟಿದ್ದೇನೆ. ಮುಂದಿನದು ಉಣ್ಣೆ ನೂಲು. ಅದಕ್ಕೆ ಅಳಲೆಕಾಯಿ ಬೇಡ, ಪಟಿಕ ಶೇ. 12 ಸಾಕು, ಸೋಡಾ ಹಾಕಲೇಬಾರದು. ಸುಣ್ಣದ ತೊಟ್ಟಿಯ ಕ್ಷಾರ ಉಣ್ಣೆಯನ್ನು ಹಾಳು ಮಾಡುತ್ತದೆ. ಆದ್ದರಿಂದ ಅದರಲ್ಲಿ ನೀಲಿ ಸದ್ಯಕ್ಕಿಲ್ಲ, ಮ್ಯಾಡರ್ ಮತ್ತು ದಾಳಿಂಬೆ ಮಾತ್ರ.